ಸ್ಕ್ಲೆರೋಡರ್ಮಾ: ಚರ್ಮದಲ್ಲಿ ಕಾಣುವುದು ಕಾಯಿಲೆಯ ಅರ್ಧ ಮಾತ್ರ

ಬೆಳಿಗ್ಗೆ ಎದ್ದರೆ ಬೆರಳುಗಳು ಊದಿಕೊಂಡಿವೆ. ವರ್ಷಗಟ್ಟಲೆ ಸಲೀಸಾಗಿ ಹಾಕಿ ತೆಗೆಯುತ್ತಿದ್ದ ಉಂಗುರ ಈಗ ಸೋಪು ಹಚ್ಚಿದರೂ ಜಾರುವುದಿಲ್ಲ. ತಣ್ಣೀರು ಮುಟ್ಟಿದರೆ ಒಂದೆರಡು ಬೆರಳು ರಕ್ತವೇ ಇಲ್ಲದಂತೆ ಬಿಳಿಚಿಕೊಳ್ಳುತ್ತವೆ. ರಾತ್ರಿ ಮಲಗಿದರೆ ಎದೆಯುರಿ. ಈ ಮೂರಕ್ಕೂ ಒಂದಕ್ಕೊಂದು ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತದೆ? ಊತಕ್ಕೆ ಒಂದು ಮಾತ್ರೆ, ಎದೆಯುರಿಗೆ ಇನ್ನೊಂದು, ಬೆರಳು ಬಿಳಿಚುವುದಕ್ಕೆ "ಚಳಿಗೆ ಹಾಗಾಗುತ್ತೆ ಬಿಡಿ" ಅನ್ನುವ ಸಮಾಧಾನ. ಹೀಗೆ ತಿಂಗಳುಗಳು, ಎಷ್ಟೋ ಸಲ ವರ್ಷಗಳೇ ಹೋಗಿಬಿಡುತ್ತವೆ.

ಈ ಮೂರೂ ಸ್ಕ್ಲೆರೋಡರ್ಮಾದ ಮೊದಲ ಗುರುತುಗಳಾಗಿರಬಹುದು. ಚರ್ಮ ಗಟ್ಟಿಯಾಗುವ ಕಾಯಿಲೆ ಎಂದೇ ಜನ ಇದನ್ನು ತಿಳಿದಿರುವುದು. ಅದು ಸುಳ್ಳಲ್ಲ. ಆದರೆ ಚರ್ಮವನ್ನು ಮಾತ್ರ ನೋಡುತ್ತಾ ಕೂತರೆ ಕಾಯಿಲೆಯ ಶುರುವೂ ತಪ್ಪಿಹೋಗುತ್ತದೆ, ಅದರ ಅಪಾಯವೂ ತಪ್ಪಿಹೋಗುತ್ತದೆ. ಶುರುವಾಗುವುದು ಸಣ್ಣ ರಕ್ತನಾಳಗಳಲ್ಲಿ. ಜೀವಕ್ಕೆ ಕುತ್ತು ತರುವುದು ಶ್ವಾಸಕೋಶ, ಹೃದಯ, ಮೂತ್ರಪಿಂಡಗಳಲ್ಲಿ. ಚರ್ಮ ಇವೆರಡರ ನಡುವೆ ಕಣ್ಣಿಗೆ ಬೀಳುವ ಭಾಗ, ಅಷ್ಟೇ.

ಒಳಗೆ ನಡೆಯುವುದೇನು?

ಮೊದಲು ಮಾಮೂಲಿ ಗಾಯ ಹೇಗೆ ವಾಸಿಯಾಗುತ್ತದೆ ನೋಡೋಣ. ಕೈಗೆ ಚಾಕು ತಗುಲಿತು ಅಂದುಕೊಳ್ಳಿ. ರಕ್ತ ಹೆಪ್ಪುಗಟ್ಟುತ್ತದೆ. ರೋಗನಿರೋಧಕ ಕಣಗಳು ಓಡಿಬರುತ್ತವೆ. ಅವು ಕೊಡುವ ಸೂಚನೆಗೆ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ಚುರುಕಾಗಿ, ಕೊಲಾಜನ್ ಎಂಬ ಗಟ್ಟಿ ಪ್ರೋಟೀನನ್ನು ತಯಾರಿಸುತ್ತವೆ. ಗಾಯ ಕೂಡಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಈ ಜೀವಕೋಶಗಳಲ್ಲಿ ಹೆಚ್ಚಿನವು ಸಾಯುತ್ತವೆ, ಉಳಿದವು ತಣ್ಣಗಾಗುತ್ತವೆ. ಒಂದು ಸಣ್ಣ ಕಲೆ ಉಳಿಯುತ್ತದೆ.

ಸ್ಕ್ಲೆರೋಡರ್ಮಾದಲ್ಲಿ ಹೊರಗಿನಿಂದ ಯಾವ ಗಾಯವೂ ಆಗಿರುವುದಿಲ್ಲ. ಆದರೂ ಅತಿ ಸಣ್ಣ ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಬೀಳುತ್ತದೆ. ರೋಗನಿರೋಧಕ ಶಕ್ತಿ ಕೆರಳುತ್ತದೆ, ನಮ್ಮದೇ ಜೀವಕೋಶಗಳ ಒಳಗಿನ ಪ್ರೋಟೀನುಗಳ ವಿರುದ್ಧ ಆಂಟಿಬಾಡಿಗಳು ಹುಟ್ಟಿಕೊಳ್ಳುತ್ತವೆ. ಟಿಜಿಎಫ್-ಬೀಟಾದಂಥ ರಾಸಾಯನಿಕ ಸೂಚನೆಗಳು ಹೋಗುತ್ತಲೇ ಇರುತ್ತವೆ. ಫೈಬ್ರೋಬ್ಲಾಸ್ಟುಗಳು ಕೊಲಾಜನ್ ತಯಾರಿಸುತ್ತಲೇ ಇರುತ್ತವೆ. 'ಸಾಕು, ನಿಲ್ಲಿಸಿ' ಎಂಬ ಸೂಚನೆ ಬರುವುದೇ ಇಲ್ಲ, ಬಂದರೂ ಅವು ಕೇಳುವುದಿಲ್ಲ. ಗಾಯವೇ ಇಲ್ಲದ ಕಡೆ ಕಲೆ ಕಟ್ಟುತ್ತಾ ಹೋಗುತ್ತದೆ. ಅದು ಚರ್ಮದಲ್ಲಿ ಕಟ್ಟಬಹುದು, ಅನ್ನನಾಳದಲ್ಲಿ, ಶ್ವಾಸಕೋಶದಲ್ಲಿ, ಹೃದಯದ ಸ್ನಾಯುವಿನಲ್ಲೂ ಕಟ್ಟಬಹುದು.

ರಕ್ತನಾಳದ ಹಾನಿ, ರೋಗನಿರೋಧಕ ಶಕ್ತಿಯ ದಾಳಿ, ನಿಲ್ಲದ ಕಲೆ ಕಟ್ಟುವಿಕೆ. ಈ ಮೂರೂ ಒಂದನ್ನೊಂದು ಕೆರಳಿಸುತ್ತಾ ಹೋಗುತ್ತವೆ. ಲೂಪಸ್, ರುಮಟಾಯ್ಡ್ ಸಂಧಿವಾತದಂಥ ಬೇರೆ ಆಟೋಇಮ್ಯೂನ್ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳುವ) ಕಾಯಿಲೆಗಳಲ್ಲಿ ಉರಿಯೂತ ತಗ್ಗಿಸಿದರೆ ದೊಡ್ಡ ಕೆಲಸ ಆದಂತೆ. ಇಲ್ಲಿ ಅಷ್ಟೇ ಸಾಕಾಗುವುದಿಲ್ಲ. ಒಮ್ಮೆ ಕಟ್ಟಿದ ಕಲೆಯನ್ನು ಕರಗಿಸುವುದು ಬಹಳ ಕಷ್ಟ. ಅದಕ್ಕೇ ಬೇಗ ಗುರುತಿಸುವುದಕ್ಕೆ ಇಷ್ಟು ಬೆಲೆ.

ಬೆರಳುಗಳು ಮುಂಚೆಯೇ ಹೇಳುತ್ತವೆ

ಫ್ರಾನ್ಸಿನ ವೈದ್ಯ ಮೊರಿಸ್ ರೇನೋ 1862ರಲ್ಲಿ ಬೆರಳುಗಳ ಈ ಬಣ್ಣ ಬದಲಾವಣೆಯನ್ನು ವಿವರಿಸಿದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು. ಚಳಿ ತಗುಲಿದಾಗ, ಕೆಲವೊಮ್ಮೆ ಮನಸ್ಸಿಗೆ ಗಾಬರಿಯಾದಾಗಲೂ, ಬೆರಳಿನ ರಕ್ತನಾಳಗಳು ಥಟ್ಟನೆ ಮುದುಡಿಕೊಳ್ಳುತ್ತವೆ. ಬೆರಳು ಬಿಳಿಯಾಗುತ್ತದೆ. ಎಲ್ಲಿಯವರೆಗೆ ಬಿಳಿ, ಎಲ್ಲಿಂದ ಮಾಮೂಲಿ ಬಣ್ಣ ಎಂಬ ಗೆರೆ ಗೀಚಿದಷ್ಟು ಸ್ಪಷ್ಟವಾಗಿರುತ್ತದೆ. ಆಮೇಲೆ ಆಮ್ಲಜನಕ ಸಾಲದೆ ನೀಲಿಯಾಗುತ್ತದೆ. ಬೆಚ್ಚಗಾಗುತ್ತಾ ರಕ್ತ ನುಗ್ಗಿ ಬಂದಾಗ ಕೆಂಪಾಗಿ, ಚುಚ್ಚಿದಂತೆ ನೋಯುತ್ತದೆ. ಮೂರು ಬಣ್ಣವೂ ಎಲ್ಲರಲ್ಲೂ ಕಾಣಬೇಕೆಂದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಬಣ್ಣಕ್ಕಿಂತ ಮರಗಟ್ಟುವಿಕೆ ಮತ್ತು ನೋವೇ ಮೊದಲು ಗಮನಕ್ಕೆ ಬರಬಹುದು.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಸುಮ್ನೆ ಭಯ ಹುಟ್ಟಿಸಿದಂತಾಗುತ್ತದೆ. ಬೆರಳು ಬಿಳಿಚುವ ಹೆಚ್ಚಿನವರಿಗೆ ಸ್ಕ್ಲೆರೋಡರ್ಮಾ ಇರುವುದಿಲ್ಲ, ಮುಂದೆ ಬರುವುದೂ ಇಲ್ಲ. ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗಿ, ಎರಡೂ ಕೈಗಳಲ್ಲಿ ಒಂದೇ ಥರ ಬಂದುಹೋಗುವ, ಹುಣ್ಣು ಮಾಡದ ರೇನೋ ಸಮಸ್ಯೆ ತುಂಬಾ ಜನರಲ್ಲಿದೆ. ಚಳಿಗೆ ಎಚ್ಚರವಾಗಿದ್ದರೆ ಅವರಿಗೆ ಸಾಕು. ಆದರೆ ಸ್ಕ್ಲೆರೋಡರ್ಮಾ ಬಂದವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ದೇಹವ್ಯಾಪಿ ಸ್ಕ್ಲೆರೋಡರ್ಮಾ ಇರುವವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನರಿಗೆ ರೇನೋ ಇರುತ್ತದೆ, ಎಷ್ಟೋ ಜನರಿಗೆ ಅದು ಚರ್ಮ ಗಟ್ಟಿಯಾಗುವ ವರ್ಷಗಳ ಮುಂಚೆಯೇ ಬಂದಿರುತ್ತದೆ.

ಹಾಗಾದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಉತ್ತರ ಉಗುರಿನ ಬುಡದಲ್ಲಿದೆ. ಅಲ್ಲಿ ಚರ್ಮ ತೆಳುವಾಗಿರುವುದರಿಂದ ಅತಿ ಸಣ್ಣ ರಕ್ತನಾಳಗಳನ್ನು ನೇರವಾಗಿ ನೋಡಬಹುದು. ಒಂದು ಹನಿ ಎಣ್ಣೆ ಹಾಕಿ, ದೊಡ್ಡದು ಮಾಡಿ ತೋರಿಸುವ ಉಪಕರಣ ಇಟ್ಟರೆ, ಆರೋಗ್ಯವಂತರಲ್ಲಿ ಒಂದೇ ಅಳತೆಯ ಕುಣಿಕೆಗಳು ಸಾಲಾಗಿ ಕಾಣುತ್ತವೆ. ಸ್ಕ್ಲೆರೋಡರ್ಮಾ ಶುರುವಾಗಿದ್ದರೆ ಕೆಲವು ಕುಣಿಕೆಗಳು ವಿಪರೀತ ಹಿಗ್ಗಿರುತ್ತವೆ, ಅಲ್ಲಲ್ಲಿ ರಕ್ತ ಜಿನುಗಿದ ಚುಕ್ಕೆಗಳಿರುತ್ತವೆ, ಕೆಲವು ಕಡೆ ರಕ್ತನಾಳವೇ ಇಲ್ಲದೆ ಜಾಗ ಖಾಲಿ ಬಿದ್ದಿರುತ್ತದೆ. ಸೂಜಿ ಚುಚ್ಚುವ ಹಾಗಿಲ್ಲ, ನೋವಿಲ್ಲ. ಕೆಲವೇ ನಿಮಿಷದ ಕೆಲಸ.

ಕೆನಡಾದ ಸಂಶೋಧಕರು ರೇನೋ ಇರುವ ಐನೂರಕ್ಕೂ ಹೆಚ್ಚು ಜನರನ್ನು 20 ವರ್ಷದವರೆಗೆ ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಗುರಿನ ಬುಡದ ರಕ್ತನಾಳಗಳೂ ಕೆಟ್ಟಿದ್ದು, ರಕ್ತದಲ್ಲಿ ಸ್ಕ್ಲೆರೋಡರ್ಮಾಕ್ಕೆ ಸಂಬಂಧಿಸಿದ ಆಂಟಿಬಾಡಿಯೂ ಇದ್ದವರಲ್ಲಿ ನೂರಕ್ಕೆ ಸುಮಾರು 80 ಜನರಿಗೆ ಕಾಯಿಲೆ ಬಂತು. ಎರಡೂ ಇಲ್ಲದವರಲ್ಲಿ ನೂರಕ್ಕೆ ಇಬ್ಬರಿಗೂ ಬರಲಿಲ್ಲ. ಇಷ್ಟು ಮುಂಚೆಯೇ, ಇಷ್ಟು ಸರಳವಾಗಿ ಸುಳಿವು ಕೊಡುವ ಕಾಯಿಲೆಗಳು ಕಡಿಮೆ. ನನ್ನ ಪ್ರಕಾರ ಈ ಒಂದು ಪರೀಕ್ಷೆಯ ವಿಷಯ ಎಲ್ಲರಿಗೂ ಗೊತ್ತಿರಬೇಕು. 30 ದಾಟಿದ ಮೇಲೆ ಹೊಸದಾಗಿ ಬೆರಳು ಬಿಳಿಚಲು ಶುರುವಾಗಿದ್ದರೆ, ಬೆರಳ ತುದಿಯಲ್ಲಿ ಹುಣ್ಣಾಗಿದ್ದರೆ, ಬೆರಳು ಊದಿಕೊಂಡಿದ್ದರೆ, ರುಮಟಾಲಜಿಸ್ಟ್ (ಕೀಲು ಮತ್ತು ಆಟೋಇಮ್ಯೂನ್ ಕಾಯಿಲೆಗಳ ತಜ್ಞ ವೈದ್ಯರು) ಹತ್ತಿರ ಹೋಗಿ ಇದನ್ನು ಕೇಳಿ ಮಾಡಿಸಿಕೊಳ್ಳಿ.

ಎಲ್ಲ ಸ್ಕ್ಲೆರೋಡರ್ಮಾ ಒಂದೇ ಅಲ್ಲ

ಒಂದು ಬಗೆ ಚರ್ಮಕ್ಕೆ ಮತ್ತು ಅದರ ಕೆಳಗಿನ ಪದರಗಳಿಗೆ ಸೀಮಿತ. ಮೈಮೇಲೆ ಅಲ್ಲಲ್ಲಿ ಗಟ್ಟಿ ಮಚ್ಚೆಗಳಾಗಬಹುದು. ಇದಕ್ಕೆ ಮಾರ್ಫಿಯಾ ಎನ್ನುತ್ತಾರೆ. ಕೈ, ಕಾಲು ಅಥವಾ ಹಣೆಯ ಮೇಲೆ ಪಟ್ಟಿಯಂತೆ ಬರಬಹುದು. ಮಕ್ಕಳಲ್ಲಿ ಕಾಣುವುದು ಹೆಚ್ಚಾಗಿ ಈ ಬಗೆಯೇ. ಇದು ಸಾಮಾನ್ಯವಾಗಿ ಶ್ವಾಸಕೋಶ, ಮೂತ್ರಪಿಂಡಗಳಿಗೆ ಹೋಗುವುದಿಲ್ಲ. ಆದರೆ ಬೆಳೆಯುವ ಮಗುವಿನ ಕಾಲಿನ ಉದ್ದಕ್ಕೂ ಪಟ್ಟಿ ಬಂದರೆ ಆ ಕಾಲಿನ ಬೆಳವಣಿಗೆಗೇ ಅಡ್ಡಿಯಾಗಬಹುದು. ಹಾಗಾಗಿ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಇನ್ನೊಂದು ದೇಹವ್ಯಾಪಿ ಬಗೆ. ಅದರಲ್ಲೇ ಎರಡು ದಾರಿ. ಒಂದರಲ್ಲಿ ಚರ್ಮದ ಬಿಗಿತ ಬೆರಳು, ಮುಂಗೈ, ಪಾದ ಮತ್ತು ಮುಖಕ್ಕೆ ನಿಲ್ಲುತ್ತದೆ. ನಿಧಾನವಾಗಿ, ವರ್ಷಗಳಲ್ಲಿ ಬೆಳೆಯುತ್ತದೆ. ಚರ್ಮದಡಿ ಸುಣ್ಣದ ಗಂಟುಗಳು, ಮುಖ ಮತ್ತು ಅಂಗೈಯಲ್ಲಿ ಸಣ್ಣ ಕೆಂಪು ಚುಕ್ಕೆಗಳು ಕಾಣಬಹುದು. ಇನ್ನೊಂದರಲ್ಲಿ ಬಿಗಿತ ಮೊಣಕೈ ದಾಟಿ ತೋಳು, ತೊಡೆ, ಎದೆ, ಹೊಟ್ಟೆಗೂ ಹಬ್ಬುತ್ತದೆ. ಇದು ವೇಗದ್ದು. ಮೊದಲ ಮೂರರಿಂದ ಐದು ವರ್ಷ ಬಹಳ ಮುಖ್ಯ, ಒಳಗಿನ ಅಂಗಗಳಿಗೆ ದೊಡ್ಡ ಪೆಟ್ಟು ಬೀಳುವುದಾದರೆ ಹೆಚ್ಚಾಗಿ ಆಗಲೇ ಬೀಳುತ್ತದೆ. ವಿಚಿತ್ರ ಅಂದರೆ, ಈ ಬಗೆಯಲ್ಲಿ ಕೆಲವು ವರ್ಷಗಳ ನಂತರ ಚರ್ಮ ತಾನಾಗಿಯೇ ಸ್ವಲ್ಪ ಮೆತ್ತಗಾಗುವುದುಂಟು. ಇದನ್ನು ನೋಡಿ ಕಾಯಿಲೆಯೇ ಹೋಯಿತು ಅಂದುಕೊಂಡು ತಪಾಸಣೆ ಬಿಟ್ಟರೆ ಅಪಾಯ. ಅಪರೂಪಕ್ಕೆ ಕೆಲವರಲ್ಲಿ ಚರ್ಮ ಗಟ್ಟಿಯಾಗುವುದೇ ಇಲ್ಲ, ಒಳಗಿನ ಅಂಗಗಳಿಗೆ ಮಾತ್ರ ಕಾಯಿಲೆ ಇರುತ್ತದೆ.

ಯಾರಿಗೆ ಯಾವ ದಾರಿ ಎಂಬ ಅಂದಾಜನ್ನು ರಕ್ತ ಪರೀಕ್ಷೆ ಕೊಡುತ್ತದೆ. ನಮ್ಮದೇ ಜೀವಕೋಶಗಳ ವಿರುದ್ಧದ ಆಂಟಿಬಾಡಿಗಳನ್ನು ಹುಡುಕುವ ಎಎನ್‌ಎ ಪರೀಕ್ಷೆ ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲೂ ಪಾಸಿಟಿವ್ ಬರುತ್ತದೆ. ಆದರೆ ಆರೋಗ್ಯವಂತರಲ್ಲೂ ಕೆಲವರಿಗೆ ಬರುತ್ತದೆ, ಹಾಗಾಗಿ ಅದೊಂದನ್ನೇ ಹಿಡಿದುಕೊಂಡು ಹೆದರಬಾರದು. ಅದರ ಮುಂದಿನ ಪರೀಕ್ಷೆಗಳು ಹೆಚ್ಚು ಹೇಳುತ್ತವೆ. ಸೆಂಟ್ರೋಮಿಯರ್ ಆಂಟಿಬಾಡಿ ಇದ್ದರೆ ಸಾಮಾನ್ಯವಾಗಿ ನಿಧಾನದ ಬಗೆ, ಆದರೆ ಶ್ವಾಸಕೋಶದ ರಕ್ತನಾಳಗಳ ಮೇಲೆ ಕಣ್ಣಿಡಬೇಕು. ಎಸ್‌ಸಿಎಲ್-70 ಆಂಟಿಬಾಡಿ ಇದ್ದರೆ ಶ್ವಾಸಕೋಶದಲ್ಲೇ ಕಲೆ ಕಟ್ಟುವ ಸಾಧ್ಯತೆ ಜಾಸ್ತಿ. ಆರ್‌ಎನ್‌ಎ ಪಾಲಿಮರೇಸ್-3 ಆಂಟಿಬಾಡಿ ಇದ್ದರೆ ಚರ್ಮ ಬೇಗ ಬಿಗಿಯುತ್ತದೆ, ಮೂತ್ರಪಿಂಡಕ್ಕೆ ಅಪಾಯ ಹೆಚ್ಚು. ಇಂಥವರಲ್ಲಿ ಕೆಲವರಿಗೆ ಅದೇ ಆಸುಪಾಸಿನಲ್ಲಿ ಕ್ಯಾನ್ಸರ್ ಕೂಡ ಕಾಣಿಸಿಕೊಳ್ಳುವುದರಿಂದ ವೈದ್ಯರು ಅದನ್ನೂ ಹುಡುಕುತ್ತಾರೆ.

ಚರ್ಮ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವುದು ಮಾತ್ರ ಇಂದಿಗೂ ಕೈಯಿಂದಲೇ. ಬೆರಳುಗಳಿಂದ ಪಾದದವರೆಗೆ 17 ಜಾಗಗಳಲ್ಲಿ ಚರ್ಮವನ್ನು ಚಿವುಟಿ ಎತ್ತಿ ನೋಡುತ್ತಾರೆ. ಮಾಮೂಲಾಗಿದ್ದರೆ ಸೊನ್ನೆ, ಎತ್ತಲು ಬಾರದಷ್ಟು ಬಿಗಿದಿದ್ದರೆ 3. ಒಟ್ಟು 51 ಅಂಕ. ಅನುಭವಿ ಕೈ ಇದ್ದರೆ ಇದು ನಂಬುವಂಥ ಅಳತೆ, ಔಷಧಿಗಳ ಪ್ರಯೋಗಗಳಲ್ಲೂ ಇದನ್ನೇ ಬಳಸುತ್ತಾರೆ.

ಒಳಗಿನ ಅಂಗಗಳು

ಅತಿ ಹೆಚ್ಚು ಜನರಿಗೆ ತೊಂದರೆ ಕೊಡುವುದು ಅನ್ನನಾಳ ಮತ್ತು ಕರುಳು. ಹತ್ತರಲ್ಲಿ ಒಂಬತ್ತು ಜನರಿಗೆ ಒಂದಲ್ಲ ಒಂದು ಜೀರ್ಣದ ತೊಂದರೆ ಇರುತ್ತದೆ. ಅನ್ನನಾಳದ ಸ್ನಾಯು ಸೋತು, ತಿಂದದ್ದು ಎದೆಯಲ್ಲೇ ನಿಂತಂತಾಗುತ್ತದೆ. ಕೆಳಗಿನ ಬಾಗಿಲು ಸರಿಯಾಗಿ ಮುಚ್ಚದೆ ಹುಳಿತೇಗು, ಎದೆಯುರಿ. ಕರುಳು ನಿಧಾನವಾದರೆ ಹೊಟ್ಟೆ ಉಬ್ಬರ, ಭೇದಿ, ತೂಕ ಇಳಿಯುವುದು. ಸ್ವಲ್ಪ ಸ್ವಲ್ಪ ತಿನ್ನುವುದು, ಮಲಗುವ ಎರಡು ಮೂರು ಗಂಟೆ ಮುಂಚೆ ಊಟ ಮುಗಿಸುವುದು, ಮಂಚದ ತಲೆಭಾಗ ಎತ್ತರಿಸುವುದು, ಆಮ್ಲ ತಗ್ಗಿಸುವ ಮಾತ್ರೆ, ಇವು ನಿಜಕ್ಕೂ ಕೆಲಸ ಮಾಡುತ್ತವೆ.

ಶ್ವಾಸಕೋಶದ ವಿಷಯ ಬೇರೆ. ಇವತ್ತು ಸ್ಕ್ಲೆರೋಡರ್ಮಾದಿಂದ ಆಗುವ ಸಾವುಗಳಿಗೆ ಮುಖ್ಯ ಕಾರಣ ಅದೇ. ಹಾನಿ ಎರಡು ರೀತಿ. ಒಂದು, ಗಾಳಿ ಚೀಲಗಳ ನಡುವಿನ ಗೋಡೆಯಲ್ಲಿ ಕಲೆ ಕಟ್ಟಿ ಶ್ವಾಸಕೋಶ ಬಿಗಿಯಾಗುವುದು. ಇನ್ನೊಂದು, ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳ ಒಳಭಾಗ ಉಪ್ಪು ಕಟ್ಟಿದ ನಲ್ಲಿ ಪೈಪಿನ ಹಾಗೆ ಕಿರಿದಾಗಿ ಒತ್ತಡ ಏರುವುದು. ಈ ಎರಡನೆಯದು ಸುಮಾರು ಹತ್ತರಲ್ಲಿ ಒಬ್ಬರಿಗೆ ಬರುತ್ತದೆ, ಕೆಲವೊಮ್ಮೆ ಕಾಯಿಲೆ ಶುರುವಾಗಿ ಹತ್ತು ವರ್ಷ ಕಳೆದ ಮೇಲೆ. ಎರಡೂ ಮೊದಮೊದಲು ಸದ್ದೇ ಮಾಡುವುದಿಲ್ಲ. ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು, ಒಣ ಕೆಮ್ಮು. ಕೈಕಾಲು ನೋವಿಂದ ಮೊದಲೇ ಓಡಾಟ ಕಡಿಮೆ ಮಾಡಿಕೊಂಡವರಿಗೆ ಏದುಸಿರು ಕೂಡ ಗೊತ್ತಾಗದೇ ಹೋಗಬಹುದು, ಅಲ್ವಾ? ಅದಕ್ಕೇ ಕಾಯಿಲೆ ಗೊತ್ತಾದ ಕೂಡಲೇ ಎದೆಯ ಎಚ್‌ಆರ್‌ಸಿಟಿ (ಹೆಚ್ಚು ಸ್ಪಷ್ಟವಾಗಿ ತೋರಿಸುವ ಸಿಟಿ) ಸ್ಕ್ಯಾನ್, ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಮತ್ತು ಹೃದಯದ ಎಕೋ ಮಾಡಿಸಬೇಕು. ಆಮೇಲೆ ಉಸಿರಾಟದ ಪರೀಕ್ಷೆ ಮತ್ತು ಎಕೋ ವರ್ಷಕ್ಕೊಮ್ಮೆಯಾದರೂ ಆಗಬೇಕು. ಮೊದಲ ವರ್ಷಗಳಲ್ಲಿ ಉಸಿರಾಟದ ಪರೀಕ್ಷೆ ಇನ್ನೂ ಬೇಗ ಬೇಗ. ಎದೆಯ ಸಾದಾ ಎಕ್ಸ್‌ರೇ ಸಾಲದು, ಶುರುವಿನ ಹಾನಿ ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಇನ್ನೊಂದು ಸಣ್ಣ ವಿಷಯ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಆಕ್ಸಿಮೀಟರ್ ಇವರಲ್ಲಿ ತಪ್ಪು ತೋರಿಸಬಹುದು. ಬೆರಳಿಗೆ ರಕ್ತವೇ ಸರಿಯಾಗಿ ಹರಿಯದಿದ್ದಾಗ ಅದು ಏನನ್ನು ಅಳೆಯಬೇಕು? ಕಿವಿಯ ಹಾಲೆಗೋ ಹಣೆಗೋ ಇಡುವ ಸೆನ್ಸರ್ ಬಳಸುವುದು ಒಳ್ಳೆಯದು.

ಮೂತ್ರಪಿಂಡದ ಕಥೆ ಈ ಕಾಯಿಲೆಯ ಇತಿಹಾಸದಲ್ಲೇ ದೊಡ್ಡ ತಿರುವು. ಕೆಲವರಲ್ಲಿ, ಅದರಲ್ಲೂ ವೇಗದ ಬಗೆಯವರಲ್ಲಿ, ಇದ್ದಕ್ಕಿದ್ದಂತೆ ಬಿಪಿ ವಿಪರೀತ ಏರಿ ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ಕೈಕೊಡುತ್ತವೆ. ತಲೆನೋವು, ಕಣ್ಣು ಮಂಜಾಗುವುದು, ಏದುಸಿರು, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣಗಳು. ಒಂದು ಕಾಲಕ್ಕೆ ಇದು ಬಂದರೆ ಬದುಕುವ ಆಸೆ ಬಿಡಬೇಕಿತ್ತು. 1970ರ ದಶಕದ ಕೊನೆಗೆ ಕ್ಯಾಪ್ಟೋಪ್ರಿಲ್ ಎಂಬ, ಬಿಪಿ ಇಳಿಸುವ ಎಸಿಇ ಇನ್ಹಿಬಿಟರ್ ಗುಂಪಿನ ಔಷಧಿ ಬಂತು. 1990ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಗುಂಪಿನ ಔಷಧಿ ಸಿಗದವರಲ್ಲಿ ಒಂದು ವರ್ಷ ಬದುಕಿದ್ದು ನೂರಕ್ಕೆ 15 ಜನ. ಸಿಕ್ಕವರಲ್ಲಿ 76. ಒಂದೇ ಗುಂಪಿನ ಮಾತ್ರೆ ಇಷ್ಟು ಜೀವ ಉಳಿಸಿತು ಎನ್ನುವುದು ಓದುವಾಗಲೇ ಮನಸ್ಸು ತುಂಬಿಬರುತ್ತದೆ. ಆದರೆ ಮಾತ್ರೆ ಹೊತ್ತಿಗೆ ಸಿಗಬೇಕಾದರೆ ಬಿಪಿ ಏರಿದ್ದು ಹೊತ್ತಿಗೆ ಗೊತ್ತಾಗಬೇಕು. ಬಿಪಿ ಯಂತ್ರ ಮನೆಯಲ್ಲೇ ಇರಬೇಕು ಎಂದು ವೈದ್ಯರು ಒತ್ತಾಯಿಸುವುದು ಇದಕ್ಕೇ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಎಚ್ಚರಿಕೆ. ಹೆಚ್ಚಿನ ಆಟೋಇಮ್ಯೂನ್ ಕಾಯಿಲೆಗಳಿಗೆ ಸ್ಟೀರಾಯ್ಡ್ ಕೊಡುವುದು ಮಾಮೂಲು. ಸ್ಕ್ಲೆರೋಡರ್ಮಾದಲ್ಲಿ ದಿನಕ್ಕೆ 15 ಮಿಲಿಗ್ರಾಂ ದಾಟಿದ ಪ್ರೆಡ್ನಿಸೋಲೋನ್ ಈ ಮೂತ್ರಪಿಂಡದ ಬಿಕ್ಕಟ್ಟನ್ನು ಬರಿಸುವ ಅಪಾಯವನ್ನೇ ಹೆಚ್ಚಿಸುತ್ತದೆ. ಕೀಲುನೋವಿಗೆ ಎಂದು ಯಾರೋ ಬರೆದುಕೊಟ್ಟ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ನುಂಗುವುದು ಇವರಿಗೆ ಸಲ್ಲದು. ಹಾಗಂತ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ. ರುಮಟಾಲಜಿಸ್ಟ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಯಾಕೆ ಬರುತ್ತದೆ?

ಇದು ಅಂಟುವುದಿಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಜೊತೆಗೆ ಮಲಗಿದರೆ ಬರುವುದಿಲ್ಲ. ನೇರವಾಗಿ ತಾಯಿಯಿಂದ ಮಗುವಿಗೆ ಇಳಿಯುವ ಕಾಯಿಲೆಯೂ ಅಲ್ಲ. ಆದರೆ ಕೆಲವು ವಂಶವಾಹಿಗಳು ಇದಕ್ಕೆ ನೆಲ ಹದಮಾಡಿಡುತ್ತವೆ. ಆಮೇಲೆ ಪರಿಸರದಿಂದ ಏನೋ ಒಂದು ಕಿಡಿ ಹಚ್ಚುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಜಾಸ್ತಿ, ಹೆಚ್ಚಾಗಿ 30ರಿಂದ 50ರ ವಯಸ್ಸಿನಲ್ಲಿ ಶುರು.

ಆ ಕಿಡಿಗಳಲ್ಲಿ ಚೆನ್ನಾಗಿ ಗೊತ್ತಿರುವುದು ಕಲ್ಲಿನ ದೂಳು. 1914ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಬೈರಮ್ ಬ್ರಾಮ್‌ವೆಲ್ ತಾವು ನೋಡಿದ 9 ರೋಗಿಗಳಲ್ಲಿ 5 ಜನ ಕಲ್ಲು ಕೆತ್ತುವವರು ಎಂದು ದಾಖಲಿಸಿದ್ದರು. ಗಣಿ, ಕಲ್ಲು ಕೊರೆಯುವ ಕೆಲಸಗಳಲ್ಲಿ ಏಳುವ ಸಿಲಿಕಾ ದೂಳಿಗೂ ಈ ಕಾಯಿಲೆಗೂ ನಂಟಿದೆ ಎಂಬುದು ಆಮೇಲೆ ಗಟ್ಟಿಯಾಯಿತು. ಕೆಲವು ಕೈಗಾರಿಕಾ ದ್ರಾವಕಗಳ ಮೇಲೂ ಇದೇ ಆರೋಪವಿದೆ. ಗಂಡಸರಲ್ಲಿ ಕಾಯಿಲೆ ಕಂಡರೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಲೇಬೇಕು. ದೂಳಿನಲ್ಲಿ ದುಡಿಯುವವರ ಮೈಮೇಲೆ ಬಿದ್ದ ಈ ಹೊರೆಯ ಬಗ್ಗೆ ಮಾತಾಡುವವರು ಕಡಿಮೆ, ಅದು ನನಗೆ ಬೇಸರದ ವಿಷಯ.

ಚಿಕಿತ್ಸೆ ಎಲ್ಲಿಗೆ ಬಂದಿದೆ

ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಆದರೆ 'ಏನೂ ಮಾಡಲಾಗದು' ಎನ್ನುವ ಕಾಲ ಹೋಗಿದೆ. ಯಾವ ಅಂಗಕ್ಕೆ ಹಾನಿಯಾಗುತ್ತಿದೆಯೋ ಅದಕ್ಕೆ ತಕ್ಕ ಚಿಕಿತ್ಸೆ. ರೇನೋಗೆ ನಿಫೆಡಿಪಿನ್, ಆಮ್ಲೋಡಿಪಿನ್‌ನಂಥ ರಕ್ತನಾಳ ಸಡಿಲಿಸುವ ಮಾತ್ರೆಗಳು. ಸಾಲದಿದ್ದರೆ ಸಿಲ್ಡೆನಾಫಿಲ್, ಬೆರಳ ತುದಿಯ ಹುಣ್ಣು ಒಣಗದಿದ್ದರೆ ಡ್ರಿಪ್ ಮೂಲಕ ಇಲೋಪ್ರೋಸ್ಟ್. ಚರ್ಮ, ಶ್ವಾಸಕೋಶಗಳ ಹಾನಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೈಕೋಫಿನೋಲೇಟ್ ಈಗ ಹೆಚ್ಚಾಗಿ ಮೊದಲ ಆಯ್ಕೆ.

ಕಲೆ ಕಟ್ಟುವುದನ್ನೇ ನಿಧಾನಗೊಳಿಸುವ ನಿಂಟೆಡಾನಿಬ್‌ಗೆ ಅಮೆರಿಕದಲ್ಲಿ 2019ರಲ್ಲಿ ಈ ಕಾಯಿಲೆಯ ಶ್ವಾಸಕೋಶ ಹಾನಿಗೆ ಅನುಮತಿ ಸಿಕ್ಕಿತು. ಅದನ್ನು ತೆಗೆದುಕೊಂಡವರ ಉಸಿರಿನ ಸಾಮರ್ಥ್ಯ ವರ್ಷಕ್ಕೆ ಸುಮಾರು 52 ಮಿಲಿಲೀಟರ್ ಇಳಿದರೆ, ಹುಸಿಮಾತ್ರೆ ತೆಗೆದುಕೊಂಡವರಲ್ಲಿ 93 ಇಳಿಯಿತು. ಇಳಿತ ನಿಂತಿಲ್ಲ, ನಿಧಾನವಾಗಿದೆ. ಈ ವ್ಯತ್ಯಾಸವನ್ನು ರೋಗಿಗೆ ಮೊದಲೇ ತಿಳಿಸಿ ಹೇಳಬೇಕು. ಇಲ್ಲದಿದ್ದರೆ ಇಷ್ಟು ಮಾತ್ರೆ ನುಂಗಿಯೂ ನನಗೆ ಉಸಿರು ಸರಾಗವಾಗಲಿಲ್ಲವಲ್ಲ ಎಂದು ಮನಸ್ಸು ಕುಸಿಯುತ್ತದೆ. 2021ರಲ್ಲಿ ಟೊಸಿಲಿಜುಮಾಬ್ ಎಂಬ ಔಷಧಿ ಕೂಡ ಇದೇ ಶ್ವಾಸಕೋಶ ಹಾನಿಗೆ ಅಲ್ಲಿ ಅನುಮತಿ ಪಡೆಯಿತು.

ವೇಗವಾಗಿ ಹಬ್ಬುತ್ತಿರುವ ಕೆಲವರಿಗೆ ಅವರದೇ ಕಾಂಡಕೋಶಗಳನ್ನು ತೆಗೆದಿಟ್ಟು, ಜೋರು ಔಷಧಿಯಿಂದ ರೋಗನಿರೋಧಕ ವ್ಯವಸ್ಥೆಯನ್ನು ಅಳಿಸಿ, ಮತ್ತೆ ಆ ಕೋಶಗಳನ್ನು ಕೊಡುವ ಚಿಕಿತ್ಸೆ ಇದೆ. ಯುರೋಪಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೀಗೆ ಮಾಡಿಸಿಕೊಂಡವರು ಮುಂದೆ ಹೆಚ್ಚು ಕಾಲ ಬದುಕಿದರು. ಆದರೆ ಮೊದಲ ವರ್ಷದಲ್ಲೇ ಹತ್ತರಲ್ಲಿ ಒಬ್ಬರು ಚಿಕಿತ್ಸೆಯ ಕಾರಣಕ್ಕೇ ತೀರಿಕೊಂಡರು. ಇದು ಮನೆಯವರೆಲ್ಲ ಕೂತು, ವೈದ್ಯರ ಜೊತೆ ಮನಬಿಚ್ಚಿ ಮಾತಾಡಿ ತೀರ್ಮಾನಿಸಬೇಕಾದ ವಿಷಯ.

ದಿನದಿನದ ಬದುಕು

ಕೈಗೆ ಗ್ಲೌಸ್ ಹಾಕಿಕೊಂಡರೆ ಸಾಕು ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಎದೆ, ಹೊಟ್ಟೆ ತಣ್ಣಗಾದರೂ ದೇಹ ಮೊದಲು ರಕ್ತ ಕಡಿಮೆ ಮಾಡುವುದು ಬೆರಳುಗಳಿಗೇ. ಹಾಗಾಗಿ ಮೈಯೆಲ್ಲ ಬೆಚ್ಚಗಿರಬೇಕು. ಸಿಗರೇಟು ಪೂರ್ತಿ ಬಿಡಲೇಬೇಕು, ಅದು ನೇರವಾಗಿ ಇದೇ ರಕ್ತನಾಳಗಳನ್ನು ಹಿಂಡುತ್ತದೆ. ಬಾಯಿ ಕಿರಿದಾಗುತ್ತಾ ಹೋಗುವುದರಿಂದ ಹಲ್ಲುಜ್ಜುವುದೇ ಕಷ್ಟವಾಗುತ್ತದೆ. ಮಕ್ಕಳ ಸಣ್ಣ ಬ್ರಶ್ ಬಳಸಬಹುದು. ಬಾಯಿ ಅಗಲಿಸುವ, ಬೆರಳು ಪೂರ್ತಿ ಚಾಚಿ ಮಡಚುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ದಿನಾ ಮಾಡಬೇಕು. ಒಮ್ಮೆ ಮಡಚಿಕೊಂಡೇ ಉಳಿದ ಬೆರಳನ್ನು ಮತ್ತೆ ನೇರ ಮಾಡುವುದು ತುಂಬಾ ಕಷ್ಟ.

ಹೊರಗೆ ಕಾಣದ ಕಷ್ಟ ಅಂದರೆ ಸುಸ್ತು. ನಿದ್ದೆ ಮಾಡಿದರೂ ಹೋಗದ ಸುಸ್ತು. ಮುಖದ ಚರ್ಮ ಬಿಗಿದು ಸುಕ್ಕೆಲ್ಲ ಹೋಗಿರುವುದರಿಂದ ನೋಡುವವರಿಗೆ "ನೀವು ಚೆನ್ನಾಗೇ ಕಾಣ್ತಿದ್ದೀರಲ್ಲ" ಅನ್ನಿಸುತ್ತದೆ. ಕನ್ನಡಿಯಲ್ಲಿ ತನ್ನದೇ ಮುಖ ಬದಲಾಗುತ್ತಿರುವುದನ್ನು ನೋಡುತ್ತಿರುವವರಿಗೆ ಆ ಮಾತು ಎಷ್ಟು ಚುಚ್ಚುತ್ತದೆ ಎಂಬುದನ್ನು ಸುತ್ತಲಿನವರು ಅರ್ಥಮಾಡಿಕೊಳ್ಳಬೇಕು. ಮನಸ್ಸು ಕುಗ್ಗಿದರೆ ಅದಕ್ಕೂ ಚಿಕಿತ್ಸೆ ಬೇಕು.

ಚಿತ್ರಕಾರ ಪಾಲ್ ಕ್ಲೀ ಅವರಿಗೆ 1935ರಲ್ಲಿ ಶುರುವಾದ ಕಾಯಿಲೆ ಸ್ಕ್ಲೆರೋಡರ್ಮಾವೇ ಇರಬೇಕು ಎಂಬುದು ನಂತರದ ವೈದ್ಯರ ಅಭಿಪ್ರಾಯ. 1936ರಲ್ಲಿ ಅವರಿಗೆ ಹೆಚ್ಚು ಕೆಲಸ ಮಾಡಲಾಗಲಿಲ್ಲ. 1939ರಲ್ಲಿ ಒಂದೇ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಚಿತ್ರ ಬರೆದರು. ಅವರು ತೀರಿಕೊಂಡ ಜೂನ್ 29, ಈಗ ವಿಶ್ವ ಸ್ಕ್ಲೆರೋಡರ್ಮಾ ದಿನ.

ಮಗು ಬೇಕೆನ್ನುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಕಾಯಿಲೆ ಹತೋಟಿಯಲ್ಲಿದ್ದು, ಹೃದಯ ಮತ್ತು ಶ್ವಾಸಕೋಶ ಚೆನ್ನಾಗಿದ್ದರೆ ಹಲವರಿಗೆ ಅದು ಸಾಧ್ಯ. ಆದರೆ ಮೈಕೋಫಿನೋಲೇಟ್‌ನಂಥ ಔಷಧಿಗಳು ಗರ್ಭದ ಮಗುವಿಗೆ ಹಾನಿ ಮಾಡುವುದರಿಂದ ತಿಂಗಳುಗಳ ಮುಂಚೆಯೇ ಬದಲಿಸಬೇಕಾಗುತ್ತದೆ. ಹಲ್ಲಿನ ಡಾಕ್ಟರಿರಲಿ, ಮೂಳೆ ಡಾಕ್ಟರಿರಲಿ, ಯಾರ ಹತ್ತಿರ ಹೋದರೂ ಮೊದಲು ಹೇಳಬೇಕಾದದ್ದು ಎರಡು: ನನಗೆ ಸ್ಕ್ಲೆರೋಡರ್ಮಾ ಇದೆ, ಮತ್ತು ನನ್ನ ರುಮಟಾಲಜಿಸ್ಟನ್ನು ಕೇಳದೆ ಸ್ಟೀರಾಯ್ಡ್ ಬರೆಯಬೇಡಿ. ಮನೆಯಲ್ಲಿ ನೋಡಿದ ಬಿಪಿಯನ್ನು ತಾರೀಖಿನ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ಅದು ಮಾಮೂಲಿಗಿಂತ 20 ಅಂಕದಷ್ಟು ಏರಿ ಇಳಿಯದೆ ನಿಂತರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅವತ್ತೇ ಫೋನ್ ಮಾಡಿ.